ಸನಿಕೆ ಕೈ ಬದಲಾಗುವ ಮುನ್ನ

ಕಣಿಯಮ್ಮನನ್ನು ಒಂದು ತಾಸು ಓಡಿಸಿದರೆ ಎರಡು ಟ್ಯಾಂಕರ್ ನೀರು ಆವಿಯಾಗಿ ಹೋಗುತ್ತಿತ್ತು. ಯುದ್ಧ ಗೆಲ್ಲುವುದು ಹೇಗೆಂದು ತಿಳಿಯಲು ಅವಳನ್ನು ಒಂಬತ್ತು ಸಾವಿರದ ನಾನೂರು ತಾಸು ಓಡಿಸಿದ್ದರು. ಹಡಗುಗಳು ಯಾವ ಅಲೆಯ ಮೇಲೆ ದಡ ಸೇರಬೇಕು ಎನ್ನುವುದಕ್ಕೇ ಎರಡು ಸಾವಿರ ತಾಸು. ಸೈನಿಕರ ಉಪ್ಪಿಟ್ಟಿನ ಪೊಟ್ಟಣ ಸಮುದ್ರದ ಗಾಳಿಗೆ ಹಳಸುತ್ತದೆಯೇ ಎನ್ನುವುದಕ್ಕೆ ಅರವತ್ತು. ಗೆದ್ದ ಮೇಲೆ ಮೆರವಣಿಗೆ ಯಾವ ಬೀದಿಯಲ್ಲಿ ಹೋದರೆ ಚೆಂದ ಎನ್ನುವುದಕ್ಕೆ ಹನ್ನೊಂದು. ಮೆರವಣಿಗೆ ಮುಗಿದ ಮಾರನೆಯ ದಿನದಿಂದ ಆ ಊರನ್ನು ನಡೆಸುವುದು ಹೇಗೆ ಎನ್ನುವುದಕ್ಕೆ ನಲವತ್ತು ನಿಮಿಷ.

ಈ ಲೆಕ್ಕ ಮುನಿತಾಯಮ್ಮನಿಗೆ ಬಾಯಿಪಾಠ. ಕಣಿಯಮ್ಮನ ಮುಂದೆ ಕೂತು ಗುಂಡಿ ಒತ್ತಿದವಳು ಅವಳೇ.

ಕಣಿಯಮ್ಮ ಎಂದರೆ ಬೈರನಬೆಟ್ಟದ ಬಂಡೆಯೊಳಗೆ ಸುರಂಗ ಕೊರೆದು ಕೂರಿಸಿದ್ದ ಯಂತ್ರ. ಸರ್ಕಾರಿ ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಕಣಿ ಹೇಳುವವಳೆಂದು ಕೆಲಸದವರು ಇಟ್ಟದ್ದು ಈ ಹೆಸರು. ಒಂದು ಊರಿನಲ್ಲಿ ನಾಲ್ಕು ಲಕ್ಷ ಜನರಿದ್ದರೆ ಅವಳ ಹೊಟ್ಟೆಯೊಳಗೆ ನಾಲ್ಕು ಲಕ್ಷ ಬೊಂಬೆಗಳು. ಒಂದೊಂದಕ್ಕೂ ವಯಸ್ಸು, ಕಸುಬು, ಹಸಿವು, ಬಾಯಾರಿಕೆ, ಭಯ. ಬೆಳಗಾದರೆ ಏಳುತ್ತಿದ್ದವು, ಕೆಲಸಕ್ಕೆ ಹೋಗುತ್ತಿದ್ದವು, ಒಂದರ ಕೋಪ ಇನ್ನೊಂದಕ್ಕೆ ಹತ್ತುತ್ತಿತ್ತು. ಹೊರಗಿನ ಒಂದು ನಿಮಿಷಕ್ಕೆ ಒಳಗೆ ಒಂದು ದಿನ ಉರುಳುತ್ತಿತ್ತು. ಇಷ್ಟು ಜನರ ಬದುಕನ್ನು ಒಟ್ಟಿಗೆ ಬದುಕುವಾಗ ಹುಟ್ಟುವ ಕಾವು ಸಾಮಾನ್ಯವೇ? ಅದನ್ನು ತಣಿಸಲು ಬೆಟ್ಟದ ಕೆಳಗಿನ ಕೆರೆಯ ನೀರು ಬೇಕಾಗುತ್ತಿತ್ತು. ಯುದ್ಧದ ಲೆಕ್ಕ ನಡೆದ ಹದಿಮೂರು ತಿಂಗಳೂ ಆ ಕೆರೆಯ ಕೆಳಗಿನ ಗದ್ದೆಗಳು ಬೀಳು ಬಿದ್ದಿದ್ದವು.

ಯುದ್ಧವೇನೋ ಹನ್ನೊಂದೇ ದಿನಕ್ಕೆ ಮುಗಿಯಿತು. ಜಲಸಂಧಿಯಲ್ಲಿ ಹಡಗು ತಡೆಯುತ್ತಿದ್ದ ತರಾನ ದ್ವೀಪವನ್ನು ಒಕ್ಕೂಟ ಸರ್ಕಾರದ ಸೇನೆ ಹಿಡಿದುಕೊಂಡಿತು. ಮೆರವಣಿಗೆ ಚೆನ್ನಾಗಿಯೇ ಆಯಿತು. ದ್ವೀಪದ ಹಿಂದಿನ ಸರ್ಕಾರದ ಸಂಬಳ ತಿಂದವರನ್ನೆಲ್ಲ ಕೆಲಸದಿಂದ ತೆಗೆದಿದೆ, ಅವರು ಸರ್ಕಾರದ ಸೊತ್ತು ಮುಟ್ಟಿದರೆ ಜೈಲು ಎಂದು ಮೊದಲನೆಯ ವಾರದಲ್ಲೇ ಆದೇಶ ಹೊರಟಿತು. ಗೆದ್ದ ಒಂಬತ್ತನೆಯ ದಿನ ತರಾನದ ಮೇಲಿನ ಕೇರಿಗಳಲ್ಲಿ ನಲ್ಲಿ ನಿಂತಿತು. ಮೂವತ್ತೆಂಟನೆಯ ದಿನ ಊರಿಗೆ ನೀರು ಬಿಡುವ ಕೋಠಿಯ ಬಾಗಿಲಲ್ಲಿ ಕೊಡ ಹಿಡಿದು ಬಂದವರಿಗೂ ಸೈನಿಕರಿಗೂ ಕಲ್ಲು, ಗುಂಡಿನ ಕಾಳಗವಾಗಿ ಹದಿನಾಲ್ಕು ಮಂದಿ ಊರವರು, ಇಬ್ಬರು ಸೈನಿಕರು ಸತ್ತರು.

ಇವತ್ತಿಗೆ ಐವತ್ತೆರಡನೆಯ ದಿನ. ಮುನಿತಾಯಮ್ಮನ ಮಗಳು ರುಕ್ಕು, ಸೇನೆಯ ಇಂಜಿನಿಯರ್ ದಳದ ಕ್ಯಾಪ್ಟನ್, ಅದೇ ಕೋಠಿಯಲ್ಲಿದ್ದಳು.

ಕ್ವಾರ್ಟರ್ಸಿನ ಮನೆಯಲ್ಲಿ ಗಂಡ ನಾರೆಪ್ಪ ಮುದ್ದೆ ತೊಳಸುತ್ತ ಟಿ.ವಿ.ಗೆ ಬೈಯುತ್ತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಸಂಸತ್ತಿನಲ್ಲಿ ವಿರೋಧ ಪಕ್ಷದ ಶಂಕರಲಿಂಗ ದೇಸಾಯಿ ಎದ್ದು ನಿಂತಿದ್ದರು.

"ಗೆಲ್ಲಾಕ ಹದಿಮೂರು ತಿಂಗಳು ಲೆಕ್ಕಾ ಹಾಕಿದ್ರಿ. ಗೆದ್ದ ಮ್ಯಾಲ ಏನು ಮಾಡೋದಂತ ಎಷ್ಟು ದಿನಾ ಹಾಕಿದ್ರಿ? ಅದಷ್ಟು ಹೇಳ್ರಿ, ಸಾಕು."

ರಕ್ಷಣಾ ಮಂತ್ರಿ ಕಾಗದ ನೋಡಿ ಓದಿದರು. "ಎಲ್ಲ ಸಿದ್ಧತೆಯೂ ಆಗಿತ್ತು. ಯಂತ್ರ ನಲವತ್ತು ದಿನವೂ ಹಸಿರು ತೋರಿಸಿತ್ತು. ಸ್ಥಳದಲ್ಲಿರುವ ಇಂಜಿನಿಯರುಗಳ ಕರ್ತವ್ಯಲೋಪದ ಬಗ್ಗೆ ವಿಚಾರಣೆ ನಡೆಸುತ್ತೇವೆ."

"ನೋಡ್ದಾ, ನಮ್ಮ ಹುಡುಗಿ ತಲೆ ಮ್ಯಾಕೆ ಹಾಕ್ದ," ಎಂದ ನಾರೆಪ್ಪ. "ಮದುವೆಗೆ ಚಪ್ಪರ ಹಾಕೋಕೆ ಊರೆಲ್ಲ ಬತ್ತಾರೆ, ಎಂಜಲೆಲೆ ಎತ್ತೋಕೆ ಒಬ್ರೂ ಇರಲ್ಲ. ಎತ್ತೋಕೆ ಬಂದೋರಿಗೇ ಬೈಗುಳ."

ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಮೂರು ದಿನದಲ್ಲಿ ಹಾಜರಾಗಬೇಕೆಂಬ ಕಾಗದ ಮುನಿತಾಯಮ್ಮನ ಸೆರಗಿನ ಗಂಟಿನಲ್ಲಿತ್ತು.

ಏಳು ಗಂಟೆಗೆ ರುಕ್ಕುವಿನ ಫೋನ್ ಬಂತು. ವಾರಕ್ಕೆ ನಾಲ್ಕೇ ನಿಮಿಷ.

"ಅಮ್ಮ, ಟ್ಯಾಂಕ್ ತುಂಬಿ ತುಳುಕ್ತಾ ಅದೆ. ಪೈಪೂ ಒಡ್ದಿಲ್ಲ. ಆದ್ರೂ ಮೇಲಿನ ಕೇರಿಗೆ ಒಂದು ತೊಟ್ಟು ಹತ್ತಲ್ಲ. ನಕ್ಷೇಲಿ ನೂರಾ ಎಂಬತ್ತು ವಾಲ್ವ್ ಅವೆ. ನೆಲ ಅಗೆದ್ರೆ ಮುನ್ನೂರ ಹನ್ನೆರಡು! ಒಂದು ತಿರುಗ್ಸಿದ್ರೆ ಇನ್ನೆಲ್ಲೋ ನಿಂತೋಗುತ್ತೆ."

"ಅಲ್ಲಿಯ ವಾಲ್ವ್‌ನೋರು ಎಲ್ಲೋದ್ರೇ?"

"ಅರವತ್ತನಾಲ್ಕು ಜನ ಇದ್ರಂತೆ, ಎಲ್ಲಾರ್ನೂ ತೆಗೆದವ್ರೆ. ಇಸಾರೊ ಅಂತ ಒಬ್ಬ ಮುದುಕ ದಿನಾ ಬಂದು ಕೋಠಿ ಎದುರಿಗೆ ಕೂತ್ಕೋತಾನೆ. ಮೂವತ್ತೈದು ವರ್ಷ ವಾಲ್ವ್ ತಿರುಗ್ಸಿದೋನು. ದುಭಾಷೀನ ಕರ್ಕೊಂಡೋಗಿ ಕೇಳ್ದೆ. 'ನಿಮ್ಮ ಆದೇಶ ಓದ್ಕೊಂಡು ಬಾ ಮಗಳೇ, ನಾನು ಕೈ ಇಟ್ರೆ ಜೈಲು' ಅಂದ. ಸಿಟ್ಟಿಂದ ಅಂದಿದ್ರೂ ಆಗಿರೋದು ಅಮ್ಮ, ನಗ್ತಾ ಅಂದ."

ಫೋನ್ ನಿಂತುಹೋಯಿತು. ನಾರೆಪ್ಪ ಮುದ್ದೆಯ ತಟ್ಟೆ ತಂದಿಟ್ಟ. ಅವಳು ತಟ್ಟೆಯನ್ನೇ ನೋಡುತ್ತ ಕೂತಳು.

ಮರುದಿನ ಬೆಳಿಗ್ಗೆ ಸುರಂಗಕ್ಕೆ ಬ್ರಿಗೇಡಿಯರ್ ಚಂಗಪ್ಪ ಬಂದರು. ನಲವತ್ತು ನಿಮಿಷದ ಲೆಕ್ಕ ಬರೆಸಿದವರು ಅವರೇ. ಎರಡು ತಿಂಗಳಲ್ಲಿ ಮುಖ ಅರ್ಧ ಇಳಿದುಹೋಗಿತ್ತು.

"ಸಾರ್, ಇವತ್ತು ಯಂತ್ರ ತಿಂಗಳಿಗೊಂದ್ಸಲ ಪರೀಕ್ಷೆ ಮಾಡೋ ತಾಸು. ಬೇರೆ ಇಲಾಖೆ ಲೆಕ್ಕ ಇಲ್ಲ. ನಮ್ಮದು ಇನ್ನೊಂದ್ಸಲ ಓಡಿಸ್ಲಾ?" ಎಂದಳು ಮುನಿತಾಯಮ್ಮ.

ಚಂಗಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಇಬ್ಬರಿಗೂ ಆ ಶುಕ್ರವಾರ ಸಂಜೆ ನೆನಪಾಯಿತು. ಹಡಗುಗಳು ಹೊರಡಲು ಎರಡೇ ದಿನವಿತ್ತು. ಹಣಕಾಸಿನವರು, ಹವಾಮಾನದವರು ಎಲ್ಲರೂ ಮುಗಿಸಿ ಉಳಿದ ನಲವತ್ತು ನಿಮಿಷ ಇವರ ಪಾಲಿಗೆ ಬಂದಿತ್ತು. ಹಳೆಯ ನೌಕರರನ್ನೆಲ್ಲ ತೆಗೆಯಬೇಕೆಂದು ಮೇಲಿನಿಂದ ಬಂದಿದ್ದ ತೀರ್ಮಾನವನ್ನು ತುಂಬಿ ಓಡಿಸಿದಾಗ, ಒಂಬತ್ತನೆಯ ನಿಮಿಷಕ್ಕೆ ತೆರೆಯ ಮೇಲೆ ತರಾನದ ಮೇಲಿನ ಕೇರಿಗಳು ಕೆಂಪಾಗಿದ್ದವು. ಅದೇನೆಂದು ಚಂಗಪ್ಪ ಕೇಳಿದರು. ನೀರು ಎಂದಳು. ನಮ್ಮ ಇಂಜಿನಿಯರುಗಳು ಹೋಗುತ್ತಾರಲ್ಲ, ನಕ್ಷೆಯೂ ಇದೆ, ಅವರನ್ನು ಹಾಕಿ ನೋಡಿ ಎಂದರು. ಹಾಕಿದಳು. ಅಲ್ಲಿಯ ವಾಲ್ವ್‌ನವರ ಕೆಲಸ ನೂರಾದರೆ ಇವರ ಕೆಲಸ ಎಷ್ಟು ಎಂದು ಕಣಿಯಮ್ಮ ಕೇಳಿದಳು. ಚಂಗಪ್ಪನವರಿಗೆ ಗೊತ್ತಿರಲಿಲ್ಲ. "ನೀವು ಕೆರೆ ನೀರು ಹಂಚುವ ನೀರುಗಂಟಿ ಮನೆಯವರು. ನಿಮಗೆ ಸರಿ ಕಂಡದ್ದು ಹಾಕಿ ಅಮ್ಮ," ಎಂದುಬಿಟ್ಟರು.

ಅವಳು ತೊಂಬತ್ತು ಎಂದು ಹಾಕಿದಳು. ಕೆಂಪು ಹೋಗಿ ಹಸಿರಾಯಿತು. ಸಹಿ ಮಾಡಿದಳು.

"ಈಗ ಎಷ್ಟು ಹಾಕ್ತೀರಿ?" ಎಂದು ಚಂಗಪ್ಪ ಕೇಳಿದರು.

"ಹದಿನೈದು."

ಅರವತ್ತು ನಿಮಿಷ ಇಬ್ಬರೂ ತೆರೆ ನೋಡಿದರು. ಒಂಬತ್ತನೆಯ ದಿನ ಕೆಂಪು. ಮೂವತ್ತಾರನೆಯ ದಿನ ಕೋಠಿಯ ಬಾಗಿಲಲ್ಲಿ ಹನ್ನೊಂದು ಚುಕ್ಕಿ, ಎಂದರೆ ಹನ್ನೊಂದು ಬೊಂಬೆ, ಆರಿಹೋದವು. ದಿನವಾಗಲಿ ಎಣಿಕೆಯಾಗಲಿ ನಡೆದದ್ದರೊಂದಿಗೆ ಪೂರ್ತಿ ಕೂಡಲಿಲ್ಲ. ಕಣಿಯಮ್ಮ ದೇವರಲ್ಲ. ಆದರೆ ದಾರಿ ಅದೇ ಆಗಿತ್ತು. ಅದಾದ ಮೇಲೆ ಐವತ್ತೊಂಬತ್ತನೆಯ ದಿನ ಅದೇ ಬಾಗಿಲಲ್ಲಿ ಅರವತ್ತಮೂರು ಚುಕ್ಕಿ ಆರಿದವು. ಅದರಲ್ಲಿ ಇಪ್ಪತ್ತು ನೀಲಿ. ನೀಲಿ ಎಂದರೆ ತಮ್ಮ ಸೈನಿಕರು.

ಇನ್ನು ಆರು ದಿನವಿತ್ತು.

ಚಂಗಪ್ಪ ಎದ್ದರು. "ತೊಂಬತ್ತು ಅಂತ ಹೇಳಿದ್ದು ನಾನು ಅನ್ನುತ್ತೇನೆ ಸಮಿತಿ ಮುಂದೆ. ನೀವು ಬರೀ ಗುಂಡಿ ಒತ್ತಿದವರು. ನನಗೆ ತೋಟವಿದೆ, ತಮ್ಮನಿದ್ದಾನೆ. ನಿಮಗೆ ಪಿಂಚಣಿಗೆ ಇನ್ನು ನಾಲ್ಕು ತಿಂಗಳು."

ಅವಳು ತೆರೆ ಆರಿಸಿ ಎದ್ದಳು.

ಆ ಸಂಜೆ ಗಂಡನಿಗೆ ಹೇಳಿದಳು. ಅವರೆಕಾಯಿ ಸುಲಿಯುತ್ತಿದ್ದವನು ಕೈ ನಿಲ್ಲಿಸದೆ ಕೇಳಿದ.

"ನಾನು ನೀರುಗಂಟಿ ಮೊಮ್ಮಗಳು. ನಕ್ಷೆ ಹಿಡ್ಕೊಂಡು ನೀರು ಬಿಡೋಕಾಗಲ್ಲ ಅಂತ ನಂಗೆ ಗೊತ್ತಿಲ್ವಾ? ಗೊತ್ತಿದ್ದೂ ತೊಂಬತ್ತು ಅಂತ ಹಾಕ್ದೆ. ಯಾಕೆ ಗೊತ್ತಾ? ಹೋಗೋರಲ್ಲಿ ರುಕ್ಕು ಇದ್ಲು. ನನ್ನ ಮಗಳ ಕೈಲಿ ಆಗಲ್ಲ ಅಂತ ನನ್ನ ಕೈಯಾರೆ ಬರೀಲಾ ಅನ್ನಿಸ್ತು."

ನಾರೆಪ್ಪ ಒಂದು ಕಾಯಿ ಸುಲಿದು ಸಿಪ್ಪೆ ಎಸೆದ. "ಹತ್ತು ಕಮ್ಮಿ ಮಾಡಿದ್ದು ಯಾಕೆ?"

"ಜಂಬ ಅಂದ್ಕೊಂಡಾರು ಅಂತ."

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ಅತ್ತಳು. ನಾರೆಪ್ಪ ಸಮಾಧಾನ ಮಾಡಲು ಹೋಗಲಿಲ್ಲ. ಸುಲಿದ ಕಾಳಿನ ಬಟ್ಟಲನ್ನು ಅವಳ ಕಡೆ ಸರಿಸಿದ. ಕೈಗೆ ಕೆಲಸ ಕೊಟ್ಟರೆ ಅಳು ತಾನಾಗಿ ನಿಲ್ಲುತ್ತದೆಂದು ಮೂವತ್ತು ವರ್ಷದ ಸಂಸಾರದಲ್ಲಿ ಕಲಿತಿದ್ದ.

"ನಿಮ್ಮ ತಾತ ಅಬ್ಬಯ್ಯನ್ನ ಕೆಲಸದಿಂದ ತೆಗೆದಾಗ ಊರಲ್ಲಿ ಏನು ಮಾಡಿದ್ರು?" ಎಂದು ಆಮೇಲೆ ಕೇಳಿದ. ಕಥೆ ಅವನಿಗೆ ಗೊತ್ತಿತ್ತು. ಅವಳ ಬಾಯಲ್ಲಿ ಬರಲಿ ಎಂದು ಕೇಳಿದ.

ಅಬ್ಬಯ್ಯ ಊರ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಬದುವಿನಲ್ಲಿ ಏಡಿ ತೂತು, ಎಲ್ಲ ಅವನ ಕಾಲಿಗೆ ಗೊತ್ತು. ಒಂದು ಚುನಾವಣೆಯ ಜಗಳದಲ್ಲಿ ಪಟೇಲರ ಕಡೆಯವರು ಅವನನ್ನು ತೆಗೆದು ಗುಳ್ಳಪ್ಪ ಎಂಬುವನನ್ನು ಹಾಕಿದರು. ಎರಡು ಮನೆಗಳ ನಡುವೆ ಬೆಂಕಿಯೂ ಸಾಲ ಕೊಡದಷ್ಟು ಹಗೆ. ಆದರೆ ನೀರು ತಿರುಗಿಸಲು ಮಣ್ಣು ಎಳೆಯುವ ಸನಿಕೆ ಕೈ ಬದಲಾಗುವ ಮುನ್ನ ಹಳಬ ಮುಂದೆ, ಹೊಸಬ ಹಿಂದೆ, ತೂಬಿನಿಂದ ಕೊನೆಯ ಗದ್ದೆಯವರೆಗೆ ಒಂದು ಸುತ್ತು ನಡೆಯಲೇಬೇಕು ಎನ್ನುವುದು ಊರಿನ ಪದ್ಧತಿ. ಸುತ್ತು ಮುಗಿಯುವವರೆಗೆ ಯಾರೂ ಯಾರನ್ನೂ ಬೈಯುವಂತಿಲ್ಲ. ನೀರಿಗೆ ಪಕ್ಷ ಗೊತ್ತಿಲ್ಲ ಎನ್ನುತ್ತಿದ್ದರು. ಸುತ್ತು ಮುಗಿಸಿ ಬಂದ ಗುಳ್ಳಪ್ಪ ಎಲ್ಲರೆದುರು ತಲೆ ಕೆರೆದುಕೊಂಡು, ನನಗಿನ್ನೂ ಪೂರ್ತಿ ಬಂದಿಲ್ಲ, ಇನ್ನೊಂದು ಸುತ್ತು ಬೇಕು ಎಂದ. ಪ್ರತಿ ಬೆಳೆಗೂ ಹಾಗೇ ಎಂದ. ಅಬ್ಬಯ್ಯ ಸಾಯುವವರೆಗೆ, ಆರು ವರ್ಷ, ಅವನೇ ಮುಂದೆ ನಡೆದ.

"ಇದನ್ನೇ ಹೇಳು ಹೋಗು," ಎಂದ ನಾರೆಪ್ಪ.

"ಹೇಳ್ಬೇಕಾದ್ರೆ ತೊಂಬತ್ತೂ ಹೇಳ್ಬೇಕು. ಪಿಂಚಣಿ ಹೋಗುತ್ತೆ."

"ನಂದು ಅರ್ಧ ಹೊಟ್ಟೆಗೆ ಆಗುತ್ತೆ. ಉಳಿದರ್ಧ ನೀನು ಕಮ್ಮಿ ತಿನ್ನು. ಡಾಕ್ಟ್ರೂ ಅದನ್ನೇ ಹೇಳವ್ರೆ."

ಸಮಿತಿಯ ಕೋಣೆಯಲ್ಲಿ ಎರಡೂ ಪಕ್ಷದವರು ಎದುರು ಬದುರು ಕೂತಿದ್ದರು. ನಡುವೆ ಅಧ್ಯಕ್ಷೆ. ರಕ್ಷಣಾ ಮಂತ್ರಿಯನ್ನು ಟಿ.ವಿ.ಯಲ್ಲಿ ನೋಡಿ ಮನಸ್ಸಿನಲ್ಲೇ ಬೈದುಕೊಂಡಿದ್ದ ಮುನಿತಾಯಮ್ಮನಿಗೆ ಹತ್ತಿರದಿಂದ ನೋಡಿದಾಗ ಅಯ್ಯೋ ಅನ್ನಿಸಿತು. ಕಣ್ಣ ಕೆಳಗೆ ಕಪ್ಪು. ನಿದ್ದೆಯಿಲ್ಲದ ಮನುಷ್ಯ.

ದೇಸಾಯಿಯವರು ಮೊದಲು ಕೇಳಿದರು. "ಹೇಳವ್ವಾ. ಗೆದ್ದ ಮ್ಯಾಲಿನ ಲೆಕ್ಕಕ್ಕ ಯಂತ್ರ ಎಷ್ಟು ಹೊತ್ತು ಓಡಿಸಿದ್ರಿ?"

"ನಲವತ್ತು ನಿಮಿಷ, ಸ್ವಾಮಿ."

ಕೋಣೆಯೆಲ್ಲ ಗದ್ದಲ. "ನಲವತ್ತು ನಿಮಿಷ!" ಎಂದು ದೇಸಾಯಿ ಮೇಜು ಗುದ್ದಿದರು. "ನಮ್ಮ ಕಡೆ ಹೋಳಿಗಿ ಬ್ಯಾಳಿ ಕುದಿಯಾಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡೀತದ!"

ಮಂತ್ರಿ ಕೈಯೆತ್ತಿದರು. "ಆ ನಲವತ್ತು ನಿಮಿಷದಲ್ಲಿ ಯಂತ್ರ ಹಸಿರು ತೋರಿಸಿತೋ ಇಲ್ಲವೋ?"

"ತೋರಿಸ್ತು."

"ಅಂದ ಮೇಲೆ ಲೋಪ ಅಲ್ಲಿಯ ಇಂಜಿನಿಯರುಗಳದ್ದು."

ಹಿಂದಿನ ಸಾಲಿನಿಂದ ಚಂಗಪ್ಪ ಎದ್ದರು. "ಇಲ್ಲ. ಯಂತ್ರಕ್ಕೆ ತಪ್ಪು ಅಂಕಿ ಕೊಟ್ಟಿದ್ದರಿಂದ ಹಸಿರು ಬಂತು. ಆ ಅಂಕಿ ನನ್ನದು."

ಮುನಿತಾಯಮ್ಮ ಹಿಂದಕ್ಕೆ ತಿರುಗಿ ಅವರನ್ನು ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿದಳು.

"ಬ್ರಿಗೇಡಿಯರ್ ಸಾಹೇಬ್ರು ಒಳ್ಳೇವ್ರು, ಅದಕ್ಕೆ ಸುಳ್ಳು ಹೇಳ್ತಾವ್ರೆ. ಅಂಕಿ ನಾನು ಹಾಕಿದ್ದು. ಆ ಇಂಜಿನಿಯರುಗಳಲ್ಲಿ ನನ್ನ ಮಗಳು ಒಬ್ಳು. ಅವ್ಳ ಮ್ಯಾಲಿನ ಅಭಿಮಾನಕ್ಕೆ ಸುಳ್ಳು ಅಂಕಿ ಹಾಕ್ದೆ. ಸರಿ ಅಂಕಿ ಹಾಕಿದ್ರೆ ಒಂಬತ್ತನೇ ದಿನವೇ ಕೆಂಪು ಬರುತ್ತೆ. ಮೊನ್ನೆ ಹಾಕಿ ನೋಡಿದೀನಿ. ನನ್ನ ಮಗಳು ಕೆಲಸ ಕದ್ದಿಲ್ಲ. ಆಗದ ಕೆಲಸಕ್ಕೆ ಕಳಿಸಿದ್ದು ನಾವು."

ಗದ್ದಲ ನಿಂತಿತು. ದೇಸಾಯಿಯವರ ಮುಖ ಸಪ್ಪೆಯಾಯಿತು. ಅವರಿಗೆ ಬೇಕಾಗಿದ್ದ ಕುತ್ತಿಗೆ ಮಂತ್ರಿಯದು. ಸಿಕ್ಕಿದ್ದು ಒಬ್ಬ ಹೆಂಗಸಿನದು. "ನಿಂದು ಬಿಡವ್ವಾ," ಎಂದರು. "ಅರವತ್ತನಾಲ್ಕು ಮಂದೀನ ಕೆಲಸದಿಂದ ತೆಗೆದವ್ರು ಯಾರು? ಅದನ್ನ ಹೇಳು."

"ನೀವೆಲ್ಲಾರೂ, ಸ್ವಾಮಿ. ಆ ಆದೇಶ ಸಭೆಗೆ ಬಂದ ದಿನ ನೀವೂ ಮೇಜು ತಟ್ಟಿದ್ರಿ. ನಮ್ಮನೇಲಿ ಟಿ.ವಿ. ಹಾಕಿತ್ತು."

ಅಧ್ಯಕ್ಷೆ ಬಾಯಿಗೆ ಕೈ ಅಡ್ಡ ಹಿಡಿದರು. ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ.

ಮುನಿತಾಯಮ್ಮ ಐವತ್ತೊಂಬತ್ತನೆಯ ದಿನದ ಚುಕ್ಕಿಗಳ ಸಂಗತಿ ಹೇಳಿದಳು. ಅರವತ್ತಮೂರು. ಅದರಲ್ಲಿ ಇಪ್ಪತ್ತು ನೀಲಿ. ಇನ್ನು ನಾಲ್ಕು ದಿನ. ಆಗ ಮಂತ್ರಿ ಕಾಗದ ಬದಿಗಿಟ್ಟು ಮೊದಲ ಸಲ ಮನುಷ್ಯರಂತೆ ಮಾತಾಡಿದರು.

"ಅವರನ್ನು ವಾಪಸ್ ಕರೆಸಿದರೆ ನೀರು ಬರುತ್ತದೆ, ಗೊತ್ತಮ್ಮ. ಆದರೆ ದಡದಲ್ಲಿ ಸತ್ತ ಹುಡುಗರ ಮನೆಗಳಿಗೆ ನಾನೇ ಹೋಗಿ ಬಂದಿದ್ದೇನೆ. ಆ ತಾಯಂದಿರಿಗೆ ಏನು ಹೇಳಲಿ? ಶತ್ರುವಿನ ನೌಕರರಿಗೆ ಮತ್ತೆ ಕುರ್ಚಿ ಕೊಟ್ಟೆ ಅನ್ನಲೇ?"

"ಕುರ್ಚಿ ಅವರಿಗೆ ಮೊದಲೂ ಇರಲಿಲ್ಲ ಸ್ವಾಮಿ, ವಾಲ್ವ್ ತಿರುಗ್ಸೋರು. ಆದೇಶ ವಾಪಸ್ ತಗೋಬೇಡಿ. ಅವರನ್ನ ಕೆಲಸಕ್ಕೂ ತಗೋಬೇಡಿ." ಅವಳು ಸೆರಗು ಸರಿ ಮಾಡಿಕೊಂಡಳು. "ಒಂದು ಮಾತು ಕೇಳ್ತೀನಿ. ನಮ್ಮ ಆಫೀಸಲ್ಲಿ ಒಬ್ಬ ಗುಮಾಸ್ತನ್ನ ಕಳ್ಳತನಕ್ಕೇ ತೆಗೆದ್ರೂ ಅವನು ಚಾರ್ಜ್ ಕೊಟ್ಟು ಹೋಗ್ಬೇಕಾ ಬ್ಯಾಡ್ವಾ?"

"ಕೊಡಬೇಕು," ಎಂದರು ಮಂತ್ರಿ.

"ಇವರಿಂದ ಚಾರ್ಜ್ ತಗೊಂಡಿದೀವಾ?"

ಅರವತ್ತನಾಲ್ಕು ಜನರನ್ನು ಚಾರ್ಜ್ ತೆಗೆದುಕೊಳ್ಳದೆ ಕಳಿಸಿಬಿಟ್ಟಿದ್ದರು. ಎರಡೂ ಪಕ್ಷದಲ್ಲಿ ಇಲಾಖೆ ನಡೆಸಿದ ಮಂದಿಯಿದ್ದರು. ಈ ತಪ್ಪು ಅವರಿಗೆ ತಕ್ಷಣ ಅರ್ಥವಾಯಿತು. ಅವಳು ಅಬ್ಬಯ್ಯನ ಸುತ್ತಿನ ಕಥೆ ಹೇಳಿದಳು. ಹಳಬರು ವಾಲ್ವ್ ತಿರುಗಿಸುವ ಕೀಲಿ ಹಿಡಿದು ಮುಂದೆ, ಸೈನಿಕರು ಬಂದೂಕಿಲ್ಲದೆ ಹಿಂದೆ. ಚಾರ್ಜ್ ಕೊಡುವಷ್ಟು ದಿನ ಕೂಲಿ. ಗುಳ್ಳಪ್ಪ ತಲೆ ಕೆರೆದುಕೊಂಡ ಭಾಗವನ್ನು ಮಾತ್ರ ಬಿಟ್ಟಳು.

"ಬಂದೂಕಿಲ್ಲದೆ?" ಎಂದರು ಮಂತ್ರಿ.

"ಸುತ್ತು ಮುಗಿಯೋವರೆಗೂ ಯಾರೂ ಯಾರ ಮ್ಯಾಲೂ ಕೈ ಮಾಡ್ಬಾರ್ದು. ಪದ್ಧತಿ."

ಇಬ್ಬರು ಹಗೆಗಾರರಿಗೆ ಒಂದೇ ಹೊಳೆ ದಾಟಲು ಒಂದು ಹರಿಗೋಲು ಸಿಕ್ಕಂತೆ, ಆದೇಶ ಉಳಿಯಿತೆಂದು ಮಂತ್ರಿಯ ಕಡೆಯವರೂ, ವಾಲ್ವ್‌ನವರು ಬಂದರೆಂದು ದೇಸಾಯಿಯ ಕಡೆಯವರೂ ಒಪ್ಪಿದರು. ಕಾಗದ ಕೈಯಿಂದ ಕೈಗೆ ಹೋಗಿ ತರಾನ ಮುಟ್ಟುವುದಕ್ಕೆ ಮೂರು ದಿನ ಹಿಡಿಯಿತು.

ಐವತ್ತೊಂಬತ್ತನೆಯ ದಿನ ಬೆಳಿಗ್ಗೆಯಿಂದ ಮುನಿತಾಯಮ್ಮ ಫೋನಿನ ಪಕ್ಕ ಕೂತಿದ್ದಳು. ನಾರೆಪ್ಪ ಅಡುಗೆ ಮಾಡಿದ, ಇಬ್ಬರೂ ಉಣ್ಣಲಿಲ್ಲ. ಸಂಜೆ ಆರಕ್ಕೆ ಫೋನಿನ ಗಂಟೆ ಹೊಡೆಯಿತು.

"ಅಮ್ಮ." ಆ ಕಡೆ ರುಕ್ಕು. "ಬೆಳಿಗ್ಗೆ ಬಾಗಿಲಿಗೆ ಸಾವಿರಾರು ಜನ ಬಂದ್ರು. ಕಲ್ಲು ಹಿಡ್ಕೊಂಡೇ ಬಂದ್ರು. ನಾವು ಬಂದೂಕು ಒಳಗಿಟ್ಟು ಹೊರಗೆ ಬಂದ್ವಿ. ಇಸಾರೊ ಮುಂದೆ ನಿಂತಿದ್ದ, ಆಳೆತ್ತರದ ಕೀಲಿ ಹೆಗಲ ಮ್ಯಾಲೆ ಇಟ್ಕೊಂಡು. ಅವನು ಕಿರಿಚ್ಲಿಲ್ಲ, ಏನೂ ಇಲ್ಲ. ನಡೀತಾ ಹೋದ. ಜನ ದಾರಿ ಬಿಟ್ರು. ನಾವು ಅವನ ಬೆನ್ನು ನೋಡ್ಕೊಂಡು ಹೋದ್ವಿ. ಒಂದು ಕಲ್ಲು ಬಂತು. ನನ್ನ ಸಾರ್ಜೆಂಟ್‌ಗೆ ಬಿತ್ತು, ಹಣೆ ಒಡೀತು. ಇಸಾರೊ ತಿರುಗಿ ಎಸೆದೋನ ಹೆಸ್ರು ಹಿಡಿದು ಏನೋ ಅಂದ. ಆ ಮ್ಯಾಲೆ ಯಾರೂ ಎಸೀಲಿಲ್ಲ."

"ಏನಂದ?"

"ನಿಮ್ಮಪ್ಪಂಗೆ ಹೇಳ್ತೀನಿ ಅಂದ್ನಂತೆ."

ಸುತ್ತು ಹೊರಟ ನಾಲ್ಕನೆಯ ದಿನ ಮೇಲಿನ ಕೇರಿಯ ನಲ್ಲಿಗಳು ಮೊದಲು ಗಾಳಿ ಉಗುಳಿದವು, ಆಮೇಲೆ ಕೆಂಪು ನೀರು, ಆಮೇಲೆ ನೀರು. ಹತ್ತೊಂಬತ್ತನೆಯ ದಿನ ಕೊನೆಯ ವಾಲ್ವಿನ ಹತ್ತಿರ ಸುತ್ತು ಮುಗಿಯಿತು. ಪದ್ಧತಿಯ ಪ್ರಕಾರ ಇಸಾರೊ ಕೀಲಿಯನ್ನು ರುಕ್ಕುವಿನ ಕೈಗೆ ಕೊಟ್ಟ. ಅವಳು ಅದನ್ನು ತೂಗಿ ನೋಡಿ ತಲೆ ಕೆರೆದುಕೊಂಡಳು. ಮುತ್ತಾತನ ಕಥೆ ಅವಳಿಗೂ ಗೊತ್ತಿತ್ತು. ವರದಿಯಲ್ಲಿ ಹೀಗೆ ಬರೆದಳು: ಚಾರ್ಜ್ ಪೂರ್ತಿಯಾಗಿಲ್ಲ, ಇನ್ನೊಂದು ಸುತ್ತು ಬೇಕು. ಮಂತ್ರಿಗಳು ಅದನ್ನು ಓದಿದರಂತೆ, ಕನ್ನಡಕ ತೆಗೆದು ಒರೆಸಿದರಂತೆ, ಸಹಿ ಹಾಕಿದರಂತೆ. ಸೇನೆ ತರಾನದಲ್ಲಿದ್ದ ಇನ್ನೊಂದು ವರ್ಷವೂ ಹತ್ತೊಂಬತ್ತು ದಿನಕ್ಕೊಮ್ಮೆ ಅದೇ ವರದಿ ಬಂತು, ಅದೇ ಸಹಿ ಬಿತ್ತು.

ಚಂಗಪ್ಪ ರಾಜೀನಾಮೆ ಕೊಟ್ಟು ತೋಟಕ್ಕೆ ಹೋದರು. ಸುಳ್ಳು ಅಂಕಿ ಹಾಕಿದ್ದಕ್ಕೆ ಮುನಿತಾಯಮ್ಮನ ಕೆಲಸ ಹೋಯಿತು, ಪಿಂಚಣಿಯಲ್ಲಿ ಅರ್ಧ ಹೋಯಿತು. ಅರವತ್ತನಾಲ್ಕು ವಾಲ್ವ್‌ನವರಲ್ಲಿ ಐವತ್ತೊಂದು ಮಂದಿ ಬಂದರು. ಉಳಿದವರು ದ್ವೀಪ ಬಿಟ್ಟು ಹೋಗಿದ್ದರು. ಐವತ್ತೊಂಬತ್ತನೆಯ ದಿನ ಯಾರೂ ಸಾಯಲಿಲ್ಲ. ಮುನ್ನೂರ ಹನ್ನೆರಡು ವಾಲ್ವುಗಳೂ ನಕ್ಷೆಗೆ ಏರಿದವು. ರುಕ್ಕು ಮನೆಗೆ ಬಂದಳು. ಮೂವತ್ತೆಂಟನೆಯ ದಿನ ಸತ್ತ ಹದಿನಾರು ಜನ, ನೀರಿಲ್ಲದ ವಾರಗಳಲ್ಲಿ ವಾಂತಿಭೇದಿಯಿಂದ ಸತ್ತ ಇಪ್ಪತ್ತೇಳು ಮಕ್ಕಳು, ಇವರು ಬರಲಿಲ್ಲ.